ತಲೆಯ ದಣಿವು ಅಳೆಯೋದು ಹೇಗೆ, ರೊಕ್ಕ ಕೊಟ್ಟವರು ಎಲ್ಲಿ ಕೈಯಾಡಿಸ್ತಾರೆ?

ಧಾರವಾಡದ ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಪಾಠ ಹೊಸದೇನಲ್ಲ. ನೂರು ಪ್ರಶ್ನೆಯ ಪತ್ರಿಕೆಯಲ್ಲಿ ಮೊದಲ ಮೂವತ್ತು ಸರಾಗ ಸಾಗುತ್ತವೆ, ಎಂಬತ್ತು ದಾಟಿದ ಮೇಲೆ ಗೊತ್ತಿದ್ದದ್ದೂ ತಪ್ಪುತ್ತದೆ. ಬಿಡುವಿಲ್ಲದೆ ತಲೆ ಓಡಿಸುವ ಶಕ್ತಿಯನ್ನು ಅರ್ಥಶಾಸ್ತ್ರಜ್ಞರು ಈಗ ಅಕ್ಷರ, ಲೆಕ್ಕದ ಹಾಗೆ ಬೇರೆಯೇ ಒಂದು ಬಂಡವಾಳವೆಂದು ನೋಡುತ್ತಿದ್ದಾರೆ. ನಾವಿಲ್ಲಿ ಅದನ್ನು 'ಬೌದ್ಧಿಕ ತಾಳಿಕೆ' ಅನ್ನೋಣ.

ಕೊನೆಯ ಪ್ರಶ್ನೆಗಳೇ ಕಠಿಣವಿದ್ದರೆ ಅಂಕ ಇಳಿದದ್ದು ದಣಿವಿನಿಂದಲೋ ಪ್ರಶ್ನೆಯಿಂದಲೋ ತಿಳಿಯದು. ಅದಕ್ಕೇ ಪ್ರಶ್ನೆಗಳ ಕ್ರಮ ಕಲಸಬೇಕು. ನಮ್ಮ ಪತ್ರಿಕೆಗಳಿಗೆ ಎ, ಬಿ, ಸಿ, ಡಿ ವರ್ಷನ್ ಇರುತ್ತವಲ್ಲ, ಹಾಗೆ. ಒಂದೇ ಪ್ರಶ್ನೆ ಎ ವರ್ಷನ್‌ನಲ್ಲಿ 12ನೆಯದು, ಸಿ ವರ್ಷನ್‌ನಲ್ಲಿ 87ನೆಯದು ಎಂದಿಟ್ಟುಕೊಳ್ಳಿ. ಅಲ್ಲಿ ನೂರಕ್ಕೆ 60 ಮಂದಿ, ಇಲ್ಲಿ 50 ಮಂದಿ ಸರಿ ಉತ್ತರಿಸಿದರೆ ಆ 10ರ ಇಳಿತವೇ ದಣಿವಿನ ಅಳತೆ. ಹೊತ್ತು ಸಾಲದೆ ಖಾಲಿ ಬಿಟ್ಟವನ್ನೂ ತಪ್ಪಿನ ಜೊತೆ ಸೇರಿಸಿದಿರೋ, ಲೆಕ್ಕ ಕೆಟ್ಟಿತು.

ಲಖನೌದ ಪ್ರಾಥಮಿಕ ಶಾಲೆಗಳ ಸುಮಾರು 1,600 ಮಕ್ಕಳ ಮೇಲೆ ಕ್ರಿಸ್ಟಿನಾ ಬ್ರೌನ್, ಸುಪ್ರೀತ್ ಕೌರ್, ಗೀತಾ ಕಿಂಗ್ಡನ್, ಹೆದರ್ ಸ್ಕೋಫೀಲ್ಡ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿ ಓದಬೇಕು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಡೆಬಿಡದೆ ಗಣಿತದ ಅಭ್ಯಾಸ, ಇನ್ನೊಂದಕ್ಕೆ ಪಾಠದ ಗಂಧವಿಲ್ಲದ, ಆದರೆ ತಲೆಗೆ ಕೆಲಸ ಕೊಡುವ ಆಟ, ಮೂರನೆಯದಕ್ಕೆ ಎಂದಿನ ತರಗತಿ. ಈ ಪ್ರಯೋಗದ ಜಾಣತನ ಇರೋದು ಎರಡನೇ ಗುಂಪಿನಲ್ಲಿ. ಆಟದವರ ಶಾಲೆಯ ಅಂಕವೂ ಏರಿದರೆ ಅದಕ್ಕೆ ಹೆಚ್ಚಿನ ಪಾಠ ಕಾರಣವಾಗಲಾರದು. ಏರಿತು, ಎರಡೂ ಗುಂಪಿನಲ್ಲಿ 0.09 ಪ್ರಮಾಣಿತ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದರ ಅಳತೆ ಇದು). ಹೊತ್ತು ಕಳೆದಂತೆ ಆಗುವ ಇಳಿತ ಶೇ. 22 ಕಡಿಮೆಯಾಯಿತು. ಬಹಳ ಮಂದಿ ಎಡವೋದು ಇಲ್ಲೇ. ಅಂಕ ಶೇ. 22 ಹೆಚ್ಚಿತು ಅಂತಲ್ಲ. ಮೇಲಿನ ಲೆಕ್ಕದಲ್ಲಿ 10ರ ಇಳಿತ 7.8 ಆಯಿತು, ಅಷ್ಟೇ.

ಈಗ ಅಧ್ಯಯನಕ್ಕೆ ರೊಕ್ಕ ಕೊಡುವವರ ಮಾತು. 'ನಮ್ಮ ಸೀರಿಯಲ್ ತಿಂದರೆ ಮಕ್ಕಳ ಗಮನ ಸುಮಾರು ಶೇ. 20 ಹೆಚ್ಚುತ್ತದೆ' ಎಂದು ಕೆಲಾಗ್ ಕಂಪನಿ ಫ್ರಾಸ್ಟೆಡ್ ಮಿನಿ-ವೀಟ್ಸ್ ಎಂಬ ಗೋಧಿಯ ಬೆಳಗಿನ ತಿಂಡಿಗೆ ಜಾಹೀರಾತು ಕೊಟ್ಟಿತ್ತು. ಆಧಾರ, ಕಂಪನಿಯೇ ಮಾಡಿಸಿದ ಅಧ್ಯಯನ. 2009ರಲ್ಲಿ ಸುಳ್ಳು ಜಾಹೀರಾತಿನ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದನ್ನು ಬಿಡಿಸಿಟ್ಟಿತು: ಏನಾದರೂ ಸುಧಾರಣೆ ಕಂಡದ್ದು ಅರ್ಧದಷ್ಟು ಮಕ್ಕಳಲ್ಲಿ, ಶೇ. 20 ಮುಟ್ಟಿದವರು ಒಂಬತ್ತಕ್ಕೊಬ್ಬರು. ಹೋಲಿಸಿದ್ದು ಯಾರ ಜೊತೆ? ಬೆಳಗ್ಗೆ ಏನೂ ತಿನ್ನದ ಮಕ್ಕಳ ಜೊತೆ. ಅವಲಕ್ಕಿಯನ್ನೋ ರೊಟ್ಟಿಯನ್ನೋ ತಿಂದವರ ಎದುರು ನಿಲ್ಲಿಸಿದ್ದರೆ ಆಗ ನೋಡಬಹುದಿತ್ತು.

ಹಾವೇರಿ ಕಡೆ ಗೋವಿನಜೋಳದ ರೈತರಿಗೆ ಈ ತಂತ್ರ ಬಾಯಿಬಿಟ್ಟು ಹೇಳಬೇಕಿಲ್ಲ. ಹೊಸ ಗೊಬ್ಬರ ಹಾಕಿದ ತಾಕಿನ ಪಕ್ಕ ಏನೂ ಹಾಕದ ತಾಕು ತೋರಿಸಿದರೆ ಯಾವ ಗೊಬ್ಬರವೂ ಗೆಲ್ಲುತ್ತದೆ. ಎಂದಿನ ಯೂರಿಯಾ, ಡಿಎಪಿ ಹಾಕಿದ ತಾಕಿನ ಪಕ್ಕ ನಿಂತಾಗ ಎಷ್ಟು ಹೆಚ್ಚು ಇಳುವರಿ ಅನ್ನೋದೇ ಪ್ರಶ್ನೆ. ನನ್ನ ಲೆಕ್ಕಕ್ಕೆ, ರೊಕ್ಕ ಕೊಟ್ಟವರು ಅಂಕಿಯನ್ನು ತಿದ್ದೋದಕ್ಕಿಂತ ಎದುರಾಳಿಯನ್ನು ಆರಿಸೋದೇ ಹೆಚ್ಚು. ತಿದ್ದಿದರೆ ಸಿಕ್ಕಿಬೀಳುತ್ತಾರೆ, ಆರಿಸಿದರೆ ಇಲ್ಲ. 2007ರಲ್ಲಿ ತಂಪು ಪಾನೀಯ, ಹಣ್ಣಿನ ರಸ, ಹಾಲಿನ ಮೇಲಿನ 206 ಲೇಖನಗಳನ್ನು ಪರಿಶೀಲಿಸಿದ ಅಧ್ಯಯನವೊಂದು ಬಂತು. ಅವುಗಳ ಪೈಕಿ ಪ್ರಯೋಗ ನಡೆಸಿದ ಲೇಖನಗಳಲ್ಲಿ, ಉದ್ಯಮದ ರೊಕ್ಕ ಇಲ್ಲದ ಕಡೆ ಶೇ. 37 ಆ ಪಾನೀಯಕ್ಕೆ ಪ್ರತಿಕೂಲವಾದ ತೀರ್ಮಾನಕ್ಕೆ ಬಂದಿದ್ದವು. ಪೂರ್ತಿ ಉದ್ಯಮದ ರೊಕ್ಕದಲ್ಲಿ ನಡೆದ ಕಡೆ ಒಂದೂ ಇಲ್ಲ.

ಹಾಗಂತ ಕಂಪನಿ ರೊಕ್ಕ ಕಂಡ ಕೂಡಲೇ ಲೇಖನ ಎಸೆಯಬೇಡಿ. ಕೊನೆಯ ಪುಟದ ಧನಸಹಾಯ, ಹಿತಾಸಕ್ತಿ ಘೋಷಣೆ ಮೊದಲು ಓದಿ, ಆಮೇಲೆ ಹೋಲಿಕೆಯ ಗುಂಪು ಯಾವುದೆಂದು ನೋಡಿ. ನಮ್ಮ ದೇಶದ ಕ್ಲಿನಿಕಲ್ ಪ್ರಯೋಗವಾದರೆ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾ) ನೋಂದಣಿ ತೆರೆಯಿರಿ. 2009ರಿಂದ ಅದು ಕಡ್ಡಾಯ. ಅರ್ಥಶಾಸ್ತ್ರದ ಪ್ರಯೋಗಕ್ಕೆ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ನೋಂದಣಿ ಇದೆ. ನೋಂದಣಿಯಲ್ಲಿ ಮೊದಲು ಮುಖ್ಯ ಅಳತೆ 'ನೆನಪಿನ ಶಕ್ತಿ' ಎಂದಿದ್ದು, ಅಚ್ಚಾದ ಲೇಖನದಲ್ಲಿ ಅದು 'ಉತ್ಸಾಹ' ಆಗಿದ್ದರೆ ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿ.