ಸ್ಪ್ರಿಂಗ್‌ಗೆ ಸಿಗುವುದು ಮೂರೇ ಜೂಲ್

ನುಣುಪಾದ ಹಳಿಯ ಮೇಲೆ 2 ಕೆಜಿಯ ಗಾಡಿಯೊಂದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುತ್ತಿದೆ. ಎದುರಿಗೆ 1 ಕೆಜಿಯ ಗಾಡಿ ಸುಮ್ನೆ ನಿಂತಿದೆ. ಅದರ ಮುಂದೊಂದು ಸ್ಪ್ರಿಂಗ್. ಅದನ್ನು ಒಂದು ಮೀಟರ್ ಅದುಮಲು 600 ನ್ಯೂಟನ್ ಬಲ ಬೇಕು. ಡಿಕ್ಕಿಯಾದಾಗ ಅದು ಎಷ್ಟು ಕುಗ್ಗುತ್ತದೆ?

ಪಿಯುಸಿ ಓದುವ ಎಷ್ಟೋ ಮಂದಿ ಹೀಗೆ ಲೆಕ್ಕ ಹಾಕುತ್ತಾರೆ: ಗಾಡಿಯ ಚಲನಶಕ್ತಿ (ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು) 9 ಜೂಲ್, ಅದೆಲ್ಲ ಸ್ಪ್ರಿಂಗಿಗೆ ಹೋಯಿತು, ಸುಮಾರು 17 ಸೆಂಟಿಮೀಟರ್. ತಪ್ಪು! ಸ್ಪ್ರಿಂಗ್ ಹಿಂದೆ ಗೋಡೆ ಇದ್ದಿದ್ದರೆ ಇದು ಸರಿ. ಇಲ್ಲಿರುವುದು ಗಾಡಿ, ತಳ್ಳಿದರೆ ಓಡುತ್ತದೆ.

ಹಿಂದಿನ ಗಾಡಿಯ ವೇಗ ಜಾಸ್ತಿ ಇರುವವರೆಗೂ ನಡುವಿನ ಅಂತರ ಕಡಿಮೆಯಾಗುತ್ತಲೇ ಇರುತ್ತದೆ. ಮುಂದಿನದರ ವೇಗ ಜಾಸ್ತಿಯಾದರೆ ಅಂತರ ಬೆಳೆಯುತ್ತದೆ. ಅಂದರೆ ಸ್ಪ್ರಿಂಗ್ ಪೂರ್ತಿ ಕುಗ್ಗಿರುವುದು ಎರಡರ ವೇಗವೂ ಸಮನಾದ ಗಳಿಗೆಯಲ್ಲಿ, ಅಲ್ವಾ? ಆಗ ಯಾವ ಗಾಡಿಯೂ ನಿಂತಿರುವುದಿಲ್ಲ. ಇದು ಹೊಳೆದರೆ ಉಳಿದದ್ದು ಸಲೀಸು. ಡಿಕ್ಕಿಯಲ್ಲಿ ಬದಲಾಗದ ಒಟ್ಟು ಸಂವೇಗ (ದ್ರವ್ಯರಾಶಿ ಗುಣಿಸು ವೇಗ) 6, ಒಟ್ಟು ದ್ರವ್ಯರಾಶಿ 3, ಹಾಗಾಗಿ ವೇಗ 2. ಓಟದಲ್ಲೇ 6 ಜೂಲ್ ಉಳಿದಿದೆ. ಸ್ಪ್ರಿಂಗಿಗೆ ಸಿಕ್ಕಿದ್ದು 3. ಕುಗ್ಗುವುದು 10 ಸೆಂಟಿಮೀಟರ್.

ನನಗೆ ಖುಷಿ ಕೊಡುವುದು ಇಲ್ಲಿಯ ಉಳಿತಾಯ. ಸ್ಪ್ರಿಂಗಿನ ಬಲ ಕ್ಷಣಕ್ಷಣಕ್ಕೂ ಏರುತ್ತಾ 60 ನ್ಯೂಟನ್ ಮುಟ್ಟುತ್ತದೆ. ಶಕ್ತಿಯ ಲೆಕ್ಕಕ್ಕೆ ಆ ಕ್ಷಣಗಳು ಬೇಕೇ ಇಲ್ಲ. ಮೊದಲು ಎಷ್ಟಿತ್ತು, ಈಗ ಎಲ್ಲೆಲ್ಲಿದೆ, ಅಷ್ಟೇ ಸಾಕು. ನಂಬಿಕೆ ಬರದಿದ್ದರೆ ತಾಳೆ ನೋಡಿ. ಅದುಮಿದಷ್ಟೂ ಬಲ ಅದೇ ಪ್ರಮಾಣದಲ್ಲಿ ಏರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಬಿಡಿಸಿ ಹೇಳಿದ್ದ. ಹಾಗಾಗಿ ಸರಾಸರಿ ಬಲ 30 ನ್ಯೂಟನ್. ಅದನ್ನು 0.1 ಮೀಟರಿನಿಂದ ಗುಣಿಸಿದರೆ ಅದೇ 3 ಜೂಲ್.

ಚಲನಶಕ್ತಿಗೆ ವೇಗದ ವರ್ಗವೇ ಏಕೆ? ಇದಕ್ಕಾಗಿ ಯುರೋಪಿನಲ್ಲಿ ದಶಕಗಳ ಕಾಲ ಜಗಳ ನಡೆಯಿತು. 1686ರಲ್ಲಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್ ವರ್ಗದ ಪರ ನಿಂತ. ಆಮೇಲೆ ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಜೇಡಿಮಣ್ಣಿನ ಮೇಲೆ ಬೀಳಿಸಿದ. ವೇಗ ಎರಡರಷ್ಟಾದರೆ ಗುಳಿ ನಾಲ್ಕರಷ್ಟು! ಫ್ರಾನ್ಸಿನ ಎಮಿಲಿ ದು ಶಾತ್ಲೆ 1740ರ ತನ್ನ ಪುಸ್ತಕದಲ್ಲಿ ಇದೇ ಪಕ್ಷ ಹಿಡಿದು ವಾದಿಸಿದಳು.

ಆ ಜೇಡಿಮಣ್ಣನ್ನೇ ನಮ್ಮ ಸ್ಪ್ರಿಂಗಿನ ಜಾಗದಲ್ಲಿಟ್ಟು ನೋಡಿ. ಸ್ಪ್ರಿಂಗ್ ಪಡೆದದ್ದು ಬಡ್ಡಿಯಿಲ್ಲದ ಕೈಸಾಲ, 3 ಜೂಲನ್ನೂ ವಾಪಸ್ ಕೊಡುತ್ತದೆ. 2 ಕೆಜಿಯ ಗಾಡಿ 1 ಮೀಟರ್, 1 ಕೆಜಿಯದು 4 ಮೀಟರ್ ವೇಗದಲ್ಲಿ ಬೇರಾಗುತ್ತವೆ. ಕೂಡಿಸಿ ನೋಡಿ, ಮತ್ತೆ 9 ಜೂಲ್. ಮಣ್ಣು ಕೊಡುವುದಿಲ್ಲ. ಆ 3 ಜೂಲ್ ಮಣ್ಣನ್ನು ಅಪ್ಪಚ್ಚಿ ಮಾಡಿ ಶಾಖವಾಗುತ್ತದೆ. ಗಾಡಿಗಳು ಅಂಟಿಕೊಂಡು 2 ಮೀಟರ್ ವೇಗದಲ್ಲೇ ಸಾಗುತ್ತವೆ. ಅಲ್ಲಿ ಚಲನಶಕ್ತಿ ಉಳಿಯಿತೆಂದು ಲೆಕ್ಕ ಹಾಕಿದರೆ ವೇಗ 2.45 ಬಂದುಬಿಡುತ್ತದೆ. ಅಂಟುವ ಡಿಕ್ಕಿಯಲ್ಲಿ ಮೊದಲು ಸಂವೇಗವನ್ನೇ ಹಿಡಿಯಬೇಕು.