ಬೆಲ್ಟೋ, ಡೈರೆಕ್ಟ್ ಡ್ರೈವೋ: ಟರ್ನ್‌ಟೇಬಲ್ ವೇಗದ ಹಳೇ ಜಗಳ

ರೆಕಾರ್ಡ್ ಇಡುವ ತಟ್ಟೆಯನ್ನು ತಿರುಗಿಸಲು ಬೆಲ್ಟ್ ಒಳ್ಳೆಯದೋ, ಮೋಟಾರಿಗೇ ನೇರ ಕೂರಿಸುವ ಡೈರೆಕ್ಟ್ ಡ್ರೈವ್ ಒಳ್ಳೆಯದೋ ಅಂತ ರೆಕಾರ್ಡ್ ಕೇಳುವವರು ಐವತ್ತು ವರ್ಷದಿಂದ ಕಿತ್ತಾಡುತ್ತಲೇ ಇದ್ದಾರೆ. ವಾದ ಜಾಸ್ತಿ, ಅಳತೆ ಕಡಿಮೆ. ಅಳೆಯುವವರೂ ಎರಡು ವಿಷಯಗಳನ್ನು ಕಲಸಿಬಿಡುತ್ತಾರೆ: ತಟ್ಟೆ ಸರಾಸರಿ ಎಷ್ಟು ವೇಗವಾಗಿ ತಿರುಗುತ್ತದೆ ಅನ್ನುವುದು ಒಂದು, ಆ ವೇಗ ಕ್ಷಣಕ್ಷಣಕ್ಕೂ ಎಷ್ಟು ಏರಿಳಿಯುತ್ತದೆ ಅನ್ನುವುದು ಇನ್ನೊಂದು. ಸರಾಸರಿ ಶೇ. 1ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರದ ಆರನೇ ಒಂದು ಪಾಲು ಏರುತ್ತದೆ ಅಷ್ಟೇ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಿದ್ದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಏರಿಳಿತ ಹಾಗಲ್ಲ. ಪಿಯಾನೊದ ಒಂದು ಉದ್ದ ಸ್ವರ ಸ್ವಲ್ಪ ಓಲಾಡಿದರೂ ಕಿವಿ ಹಿಡಿದುಬಿಡುತ್ತದೆ.

ಶುರುವಿನ ಗ್ರಾಮಫೋನನ್ನು ಕೈಯಲ್ಲೇ ತಿರುಗಿಸಬೇಕಿತ್ತು. 1890ರ ದಶಕದಲ್ಲಿ ಕೀಲಿ ಕೊಡುವ ಸ್ಪ್ರಿಂಗ್ ಮೋಟಾರ್ ಬಂತು, ಆಮೇಲೆ ಕರೆಂಟು. 60 ಹರ್ಟ್ಸ್ ಕರೆಂಟಿರುವ ದೇಶಗಳಲ್ಲಿ ನಿಮಿಷಕ್ಕೆ 3600 ಸುತ್ತಿನ ಮೋಟಾರಿಗೆ 46ಕ್ಕೆ 1ರ ಗೇರ್ ಹಾಕಿದರೆ 78.26 ಸುತ್ತು ಸಿಗುತ್ತಿತ್ತು. ವೇಗ ಸರಿಯಿದ್ದರೆ ಕರೆಂಟ್ ದೀಪದ ಕೆಳಗೆ ಗೆರೆಗಳು ನಿಂತಂತೆ ಕಾಣುವ ತಟ್ಟೆಗೆ ಸ್ಟ್ರೋಬ್ ಡಿಸ್ಕ್ ಅಂತಾರೆ; ಅಲ್ಲಿನ ಡಿಸ್ಕಿನಲ್ಲಿ 92 ಗೆರೆ. 50 ಹರ್ಟ್ಸ್ ಇರುವಲ್ಲಿ 77 ಗೆರೆ, ಅಂದರೆ 77.92 ಸುತ್ತು. 78 ಅನ್ನುವುದು ಎಲ್ಲೂ ಸರಿಯಾಗಿ 78 ಆಗಿರಲೇ ಇಲ್ಲ! ಎಲ್‌ಪಿ, ಅಂದರೆ ಉದ್ದ ಹೊತ್ತು ಓಡುವ ರೆಕಾರ್ಡಿನ, 33⅓ಕ್ಕೆ ಈ ಗೋಳಿಲ್ಲ. 50 ಹರ್ಟ್ಸ್ ದೀಪದ ಕೆಳಗೆ 180 ಗೆರೆ ಹಾಕಿದರೆ ಲೆಕ್ಕ ಚುಕ್ತಾ. ಆದರೆ 45ಕ್ಕೆ 133⅓ ಗೆರೆ ಬೇಕು, ಮೂರನೇ ಒಂದು ಗೆರೆಯನ್ನು ಎಲ್ಲಿಂದ ತರೋದು? 133 ಹಾಕುತ್ತಾರೆ. ಗೆರೆಗಳು ನಿಂತಂತೆ ಕಂಡರೂ ವೇಗ ಶೇ. 0.25ರಷ್ಟು ಜಾಸ್ತಿಯೇ ಇರುತ್ತದೆ.

ಎಲ್‌ಪಿ ಕಾಲದ ಗಟ್ಟಿ ಯಂತ್ರಗಳು ಐಡ್ಲರ್‌ನವು. ಮೋಟಾರಿನ ದಂಡ ಒಂದು ರಬ್ಬರ್ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ತಟ್ಟೆಯ ಅಂಚನ್ನು. 1954ರ ಗ್ಯಾರಾರ್ಡ್ 301 ಈ ಜಾತಿಯದು. ಎಳೆಯುವ ಶಕ್ತಿ ಭರ್ಜರಿ, ಆದರೆ ಜೋರಾಗಿ ತಿರುಗುವ ಮೋಟಾರಿನ ನಡುಕ ರಬ್ಬರ್ ದಾಟಿ ನೇರ ಮುಳ್ಳಿಗೇ ಬರುತ್ತದೆ. ಮೋನೊ ಕಾಲದಲ್ಲಿ ಹೇಗೋ ನಡೆಯಿತು. 1950ರ ದಶಕದ ಕೊನೆಯಲ್ಲಿ ಸ್ಟೀರಿಯೊ ಬಂದ ಮೇಲೆ ಮುಳ್ಳು ಮೇಲೆ-ಕೆಳಗಿನ ಅಲುಗಾಟವನ್ನೂ ಶಬ್ದ ಮಾಡತೊಡಗಿತು, ಗೊರಗೊರ ಸದ್ದು ಎದ್ದು ಕೇಳಿಸಿತು. 1961ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಟರ್ನ್‌ಟೇಬಲ್ ನಿಧಾನದ ಮೋಟಾರ್, ಬೆಲ್ಟ್ ಮತ್ತು ಸ್ಪ್ರಿಂಗಿನ ಮೇಲೆ ನೇತಾಡುವ ಚೌಕಟ್ಟು ತಂದು ಸದ್ದಡಗಿಸಿತು.

ಬೆಲ್ಟಿಗೆ ಬೇರೆ ಕಾಯಿಲೆ. ಅದು ಹಿಗ್ಗುತ್ತದೆ, ಜಾರುತ್ತದೆ. ಇನ್ನು ಸರಾಸರಿ ವೇಗ ಪುಲ್ಲಿಯ ಅಳತೆಯ ಮೇಲೇ ನಿಂತಿದೆ: 12 ಮಿ.ಮೀ. ಪುಲ್ಲಿ 0.05 ಮಿ.ಮೀ. ದಪ್ಪಗಿದ್ದರೆ ಆಗಲೇ ಶೇ. 0.4 ತಪ್ಪು.

1970ರಲ್ಲಿ ಟೆಕ್ನಿಕ್ಸ್ ಎಸ್‌ಪಿ-10 ಬಂತು. ಮಧ್ಯೆ ಚಕ್ರವೂ ಇಲ್ಲ, ಬೆಲ್ಟೂ ಇಲ್ಲ, ತಟ್ಟೆ ಕೂತಿರುವುದೇ ಮೋಟಾರಿನ ಮೇಲೆ. ಆ ದಶಕದಲ್ಲೇ ವೇಗವನ್ನು ತಾಳೆ ನೋಡಲು ಕರಾರುವಾಕ್ಕಾಗಿ ಮಿಡಿಯುವ ಕ್ವಾರ್ಟ್ಜ್ ಹರಳೂ ಸೇರಿಕೊಂಡಿತು, ಸರಾಸರಿ ವೇಗದ ಪ್ರಶ್ನೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಆದರೂ ಬೆಲ್ಟ್ ಪಕ್ಷದವರು ಸುಮ್ಮನಾಗಲಿಲ್ಲ. ವೇಗ ತಿದ್ದುತ್ತಲೇ ಇರುವ ಸರ್ಕ್ಯೂಟು ಸಣ್ಣಗೆ ತಡಕಾಡುತ್ತದೆ ಅಂದರು. ಅಗ್ಗದ ಮಾದರಿಗಳ ಮಟ್ಟಿಗೆ ಅದು ಸುಳ್ಳೂ ಅಲ್ಲ.

1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನ ಏರಿಳಿತ ಶೇ. 0.01 ಅಂತ ಕಂಪನಿಯ ಕೈಪಿಡಿ ಹೇಳುತ್ತದೆ. ಅದೇ ಕೈಪಿಡಿಯಲ್ಲಿ, ಇದು ಬರೀ ಟರ್ನ್‌ಟೇಬಲಿನ ಲೆಕ್ಕ, ರೆಕಾರ್ಡ್, ಮುಳ್ಳಿರುವ ಕಾರ್ಟ್ರಿಜ್, ಅದನ್ನು ಹಿಡಿಯುವ ಟೋನ್‌ಆರ್ಮ್ ಇದರಲ್ಲಿ ಸೇರಿಲ್ಲ ಅಂತಲೂ ಇದೆ. ಜಗಳದಲ್ಲಿ ಇದನ್ನು ಯಾರೂ ಓದಿ ಹೇಳುವುದಿಲ್ಲ. ಯಾಕೆಂದರೆ ರೆಕಾರ್ಡಿನ ತೂತು ನಡುವಿನಿಂದ 0.2 ಮಿ.ಮೀ., ಅಂದರೆ ಎರಡು ಹಾಳೆಯ ದಪ್ಪದಷ್ಟು, ಸರಿದಿದ್ದರೆ ಸಾಕು: ಒಳಗಿನ ಸುತ್ತುಗಳಲ್ಲಿ, 60 ಮಿ.ಮೀ. ತ್ರಿಜ್ಯದಲ್ಲಿ, ವೇಗ ಶೇ. 0.33ರಷ್ಟು ಆ ಕಡೆ ಈ ಕಡೆ ತೂಗುತ್ತದೆ. 3150 ಹರ್ಟ್ಸ್ ಪರೀಕ್ಷೆಯ ಸ್ವರ ಪ್ರತಿ 1.8 ಸೆಕೆಂಡಿಗೆ ಹತ್ತು ಹರ್ಟ್ಸ್ ಮೇಲೆ ಹೋಗಿ ಹತ್ತು ಕೆಳಗೆ ಬರುತ್ತದೆ. ಮೇಲಾಗಿ ಮಾಮೂಲಿ ಅಳತೆ ಕಿವಿಗೆ ಹೆಚ್ಚು ತಟ್ಟುವ 4 ಹರ್ಟ್ಸ್ ಸುತ್ತಮುತ್ತಲ ಏರಿಳಿತಕ್ಕೆ ಪೂರ್ತಿ ತೂಕ ಕೊಟ್ಟು, ಇಂಥ ನಿಧಾನದ ಓಲಾಟವನ್ನು ಸುಮಾರು ಮೂರನೇ ಒಂದಕ್ಕೆ ಇಳಿಸಿ ತೋರಿಸುತ್ತದೆ. ಹಾಗಾಗಿ ತೂಕ ಕಟ್ಟಿದ ಅಂಕಿಯನ್ನೂ ಕಟ್ಟದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ತಪ್ಪು.

ನೀವೇ ಅಳೆಯುವುದಾದರೆ ಮುಳ್ಳು ಇಳಿಸಿಯೇ ಅಳೆಯಿರಿ, ಮುಳ್ಳಿನ ಎಳೆತಕ್ಕೆ ವೇಗ ಕೊಂಚ ತಗ್ಗುತ್ತದೆ. ತಟ್ಟೆ ಮೇಲೆ ಮೊಬೈಲ್ ಇಟ್ಟು ನೋಡುವುದು ಸರಾಸರಿಗೆ ಪರವಾಗಿಲ್ಲ, ಏರಿಳಿತಕ್ಕೆ ನಾನಂತೂ ನಂಬುವುದಿಲ್ಲ. ಪರೀಕ್ಷೆಯ ರೆಕಾರ್ಡನ್ನು ಒಮ್ಮೆ ಅಳೆದು, ತಟ್ಟೆಯ ಮೇಲೇ ಅರ್ಧ ಸುತ್ತು ತಿರುಗಿಸಿಟ್ಟು ಮತ್ತೆ ಅಳೆಯಿರಿ. ಏರಿಳಿತ ರೆಕಾರ್ಡಿನ ಜತೆ ತಿರುಗಿದರೆ ತಪ್ಪು ತೂತಿನದು, ತಟ್ಟೆಯ ಜತೆ ಉಳಿದರೆ ಯಂತ್ರದ್ದು.

ತೂತಿನ ತಪ್ಪನ್ನು ತಾನೇ ಹುಡುಕಿ ರೆಕಾರ್ಡನ್ನು ಸರಿಸಿಕೊಳ್ಳುವ ಯಂತ್ರವೂ 1980ರ ದಶಕದ ಆರಂಭದಲ್ಲಿ ಬಂದಿತ್ತು, ನಾಕಮಿಚಿ ಟಿಎಕ್ಸ್-1000. ಆದರೆ ಆ ಉಪಾಯ ಸಾಮಾನ್ಯ ಟರ್ನ್‌ಟೇಬಲುಗಳಿಗೆ ಇಳಿಯಲಿಲ್ಲ. ಅವು ಈಗಲೂ ಬೆಲ್ಟೋ ಡೈರೆಕ್ಟೋ ಅಂತಲೇ ಮಾರಾಟವಾಗುತ್ತವೆ.