ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಕೊರಳಿಗೆ: ಚೆರ್ನೋಬಿಲ್ ಮತ್ತು ಮಕ್ಕಳ ಥೈರಾಯ್ಡ್

1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಅಣುವಿದ್ಯುತ್ ಸ್ಥಾವರದ ನಾಲ್ಕನೇ ರಿಯಾಕ್ಟರ್ ಸಿಡಿದಾಗ ಹೊರಬಿದ್ದ ವಸ್ತುಗಳಲ್ಲಿ ಮಕ್ಕಳ ಕೊರಳಿನ ಥೈರಾಯ್ಡ್ ಗ್ರಂಥಿಗೆ ಕುತ್ತಾದದ್ದು ಮುಖ್ಯವಾಗಿ ಅಯೋಡಿನ್-131, ಎಂದರೆ ವಿಕಿರಣ ಸೂಸುವ ಬಗೆಯ ಅಯೋಡಿನ್. ಇದನ್ನು ಅಲ್ಲಿಂದಲೇ ಹೊರಬಿದ್ದ ಇನ್ನೊಂದು ವಿಕಿರಣಶೀಲ ವಸ್ತುವಾದ ಸೀಸಿಯಂ-137 ಎಂದು ತಪ್ಪು ತಿಳಿಯಬೇಡಿ. ಸೀಸಿಯಂ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ, ಆದರೆ ಈ ಗ್ರಂಥಿಯಲ್ಲಿ ಬಂದು ಗುಡ್ಡೆಯಾಗುವುದಿಲ್ಲ.

ಹಾರ್ಮೋನ್ ತಯಾರಿಸಲು ಥೈರಾಯ್ಡ್ ರಕ್ತದಿಂದ ಅಯೋಡಿನ್ ಹೀರುತ್ತದೆ. ಸಾದಾ ಯಾವುದು, ವಿಕಿರಣಶೀಲ ಯಾವುದು ಎಂಬ ಭೇದ ಅದಕ್ಕಿಲ್ಲ. ಹಸು ದಿನವಿಡೀ ಅಗಲವಾದ ಜಾಗದ ಹುಲ್ಲು ಮೇಯುವುದರಿಂದ, ಅಷ್ಟೂ ನೆಲದ ಮೇಲೆ ಬಿದ್ದ ಅಯೋಡಿನ್‌ನ ಒಂದು ಪಾಲು ಕೆಲವೇ ದಿನಗಳಲ್ಲಿ ಹಾಲಿಗೆ ಇಳಿಯುತ್ತದೆ. ಬೆಲಾರೂಸ್‌ನ ಗೋಮೆಲ್ ಸೀಮೆಯ ಹಳ್ಳಿಗಳಲ್ಲಿ ಮಕ್ಕಳು ಮನೆಯ ಹಸುವಿನ ಹಾಲನ್ನೇ ಕುಡಿಯುತ್ತಿದ್ದರು. ಆಹಾರದಲ್ಲಿ ಅಯೋಡಿನ್ ಕೊರತೆಯೂ ಇತ್ತು. ಹಸಿದ ಗ್ರಂಥಿ ಹೆಚ್ಚೇ ಹೀರಿತು.

ಮಕ್ಕಳಿಗೇ ಏಕೆ ಹೆಚ್ಚು ಪೆಟ್ಟು? ಲೆಕ್ಕ ಹಾಕಿ ನೋಡಿ. ವಿಕಿರಣದ ಡೋಸ್ ಎಂದರೆ ಅಂಗಾಂಶದ ಪ್ರತಿ ಕಿಲೋಗ್ರಾಮ್ ಹೀರಿದ ಶಕ್ತಿ. ವಯಸ್ಕರ ಥೈರಾಯ್ಡ್ ಸುಮಾರು 20 ಗ್ರಾಂ, ಒಂದು ವರ್ಷದ ಕೂಸಿನದು ಸುಮಾರು 2 ಗ್ರಾಂ. ಇಬ್ಬರ ಗ್ರಂಥಿಗೂ ಅಷ್ಟೇ ಅಯೋಡಿನ್-131 ಸೇರಿದರೆ ಕೂಸಿಗೆ ಡೋಸ್ ಹತ್ತುಪಟ್ಟು. ಸಾಲದ್ದಕ್ಕೆ, ಬೆಳೆಯುವ ವಯಸ್ಸಿನಲ್ಲಿ ಜೀವಕೋಶಗಳು ಇನ್ನೂ ವಿಭಜಿಸುತ್ತಿರುತ್ತವೆ. ಡಿಎನ್‌ಎಗೆ ಆದ ಹಾನಿ ಮುಂದಿನ ಕೋಶಗಳಿಗೂ ದಾಟುತ್ತದೆ.

ಅಯೋಡಿನ್-131ರ ಅರ್ಧಾಯು, ಎಂದರೆ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 8 ದಿನ. 80 ದಿನಕ್ಕೆ ಹತ್ತು ಅರ್ಧಾಯು ಕಳೆದು ಸಾವಿರದಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಎಂದರೆ ಮೊದಲ ಕೆಲವು ವಾರ ತಾಜಾ ಹಾಲು ನಿಲ್ಲಿಸಿ, ಹಳೆಯ ದಾಸ್ತಾನಿನ ಹಾಲಿನಪುಡಿ ಕೊಟ್ಟಿದ್ದರೆ ಬಹುಪಾಲು ಹಾನಿ ತಪ್ಪುತ್ತಿತ್ತು. ಈ ಇಡೀ ಪ್ರಕರಣದಲ್ಲಿ ಮನಸ್ಸನ್ನು ಅತಿಯಾಗಿ ಕಲಕುವ ಸಂಗತಿ ಇದೇ. ಕುದಿಸಿದರೆ ಪ್ರಯೋಜನವಿಲ್ಲ, ಕಾವು ವಿಕಿರಣವನ್ನು ಕೊಲ್ಲದು. ಪೋಲೆಂಡ್ ಏಪ್ರಿಲ್ 29ರಿಂದಲೇ ಸುಮಾರು ಒಂದು ಕೋಟಿ ಮಕ್ಕಳಿಗೆ ಸ್ಥಿರ (ವಿಕಿರಣ ಸೂಸದ) ಅಯೋಡಿನ್ ಕುಡಿಸಿತು, ಹಾಲಿಗೂ ಕಡಿವಾಣ ಹಾಕಿತು.

ಸ್ಥಿರ ಅಯೋಡಿನ್ ಇರುವ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ಗ್ರಂಥಿಯನ್ನು ಮೊದಲೇ ತುಂಬಿಸಿಬಿಡುತ್ತದೆ, ವಿಕಿರಣಶೀಲ ಅಯೋಡಿನ್‌ಗೆ ಜಾಗ ಉಳಿಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣ: ಒಂದು ತಿಂಗಳೊಳಗಿನ ಶಿಶುವಿಗೆ 16 ಮಿಲಿಗ್ರಾಂ, 3 ವರ್ಷದವರೆಗೆ 32, 12 ವರ್ಷದವರೆಗೆ 65, ಅದರ ಮೇಲ್ಪಟ್ಟವರಿಗೆ 130. ವಿಕಿರಣ ತಾಕುವ ಮುಂಚಿನ 24 ಗಂಟೆಯೊಳಗೆ, ತಪ್ಪಿದರೆ ತಾಕಿದ 2 ಗಂಟೆಯೊಳಗೆ ಕೊಡಬೇಕು. 8 ಗಂಟೆಯವರೆಗೂ ಕೊಂಚ ಫಲವುಂಟು. 24 ಗಂಟೆ ಮೀರಿದ ಮೇಲೆ ಕೊಟ್ಟರೆ ಒಳಹೊಕ್ಕ ಅಯೋಡಿನ್-131 ಹೊರಹೋಗುವುದೇ ನಿಧಾನವಾಗುತ್ತದೆ. ಅಧಿಕಾರಿಗಳ ಸೂಚನೆಯಿಲ್ಲದೆ ನುಂಗುವ ಮಾತ್ರೆ ಇದಲ್ಲ. ನವಜಾತ ಶಿಶುವಿಗೆ ಮತ್ತೆ ಮತ್ತೆ ಕೊಟ್ಟರೆ ಅದರ ಥೈರಾಯ್ಡ್ ಕುಂಠಿತವಾಗಿ ಮಿದುಳಿನ ಬೆಳವಣಿಗೆಗೇ ಧಕ್ಕೆ.

ಅಯೋಡಿನ್ ಉಪ್ಪು ಸಾಕಲ್ಲವೇ? ಸಾಲದು. ನಮ್ಮ ಮನೆಯ ಉಪ್ಪಿನಲ್ಲಿ ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಎಂದಿಟ್ಟುಕೊಳ್ಳಿ. 130 ಮಿಲಿಗ್ರಾಂ ಮಾತ್ರೆಯಲ್ಲಿರುವ 100 ಮಿಲಿಗ್ರಾಂ ಅಯೋಡಿನ್‌ಗೆ ಆರೂವರೆ ಕಿಲೋಗೂ ಮಿಕ್ಕಿ ಉಪ್ಪು ತಿನ್ನಬೇಕಾದೀತು!

ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿಕೆ 1990ರ ಹೊತ್ತಿಗೆ, ನಾಲ್ಕೇ ವರ್ಷದಲ್ಲಿ, ಕಾಣಿಸಿತು. ಬಹುಪಾಲು ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್. ಅವಘಡದ ಹೊತ್ತಿಗೆ ಮಕ್ಕಳು, ಹದಿಹರೆಯದವರಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಮಿಕ್ಕಿ ಪ್ರಕರಣ, 15 ಸಾವು. ಎಲ್ಲವೂ ವಿಕಿರಣದಿಂದಲೇ ಬಂದವಲ್ಲ. ತಪಾಸಣೆ ಹೆಚ್ಚಿದ್ದರಿಂದ ಪತ್ತೆಯಾದವೂ ಸೇರಿವೆ. ಗ್ರಂಥಿ ತೆಗೆಸಿಕೊಂಡ ಮಕ್ಕಳು ಬದುಕಿರುವಷ್ಟು ದಿನವೂ ಥೈರಾಯ್ಡ್ ಹಾರ್ಮೋನ್ ಆದ ಥೈರಾಕ್ಸಿನ್ ಮಾತ್ರೆ ನುಂಗಬೇಕು.